ಮಲ್ಕಾಜ್‌ಗಿರಿಯಲ್ಲೊಂದು ಯುದ್ಧದ ಸಮುದ್ರ

ಹೈದರಾಬಾದಿನ ಮಲ್ಕಾಜ್‌ಗಿರಿ ಸ್ಟೇಷನ್ನಿನ ಹಿಂದಿನ ರಸ್ತೆಯಲ್ಲಿ ನನ್ನದೊಂದು ಫೋಟೋ ಫ್ರೇಮ್ ಅಂಗಡಿ. ನಾನು ನಿತಿನ. ಮೂಲ ಹುಮನಾಬಾದ್ ಕಡೆ, ಆದರೆ ಅಂಗಡಿ ಅಪ್ಪನ ಕಾಲದಿಂದ ಇಲ್ಲೇ ಇದೆ. ಬರುವ ಗಿರಾಕಿಗಳಲ್ಲಿ ಅರ್ಧಕ್ಕರ್ಧ ರೈಲ್ವೆಯವರು. ನಿವೃತ್ತಿಯ ದಿನ ಕೊರಳಿಗೆ ಹಾರ ಹಾಕಿಸಿಕೊಂಡು ಸಾಲಾಗಿ ಕೂತು ತೆಗೆಸಿಕೊಂಡ ಫೋಟೋ ತರುತ್ತಾರೆ, ಸುತ್ತ ಯಾವ ಮರದ ಪಟ್ಟಿ ಹಾಕಿಕೊಟ್ಟರೂ ಚೆನ್ನಾಗಿದೆ ಎನ್ನುತ್ತಾರೆ, ಹೋಗುತ್ತಾರೆ. ಉಳಿದವರು ದೇವರನ್ನೋ ತೀರಿಕೊಂಡವರನ್ನೋ ತರುತ್ತಾರೆ. ಅವರೂ ಪಾಪ ತಕರಾರು ಮಾಡುವವರಲ್ಲ. ಇಷ್ಟು ವರ್ಷಗಳಲ್ಲಿ ನನ್ನ ತಲೆ ತಿಂದ ಗಿರಾಕಿ ಒಬ್ಬರೇ, ಕಮಾಂಡರ್ ಪ್ರಹ್ಲಾದರಾವ್.

ನೌಕಾದಳದಲ್ಲಿ ಅಧಿಕಾರಿಯಾಗಿದ್ದು ನಿವೃತ್ತರಾದವರು. ಎಪ್ಪತ್ತು ದಾಟಿದೆ, ಬೆನ್ನು ಮಾತ್ರ ಇನ್ನೂ ಬಾಗಿಲ್ಲ. ಈಗ ಅವರ ಕಸುಬು ಸಮುದ್ರದ ಚಿತ್ರ ಬರೆಯುವುದು. ನಮ್ಮ ಹೈದರಾಬಾದು ಹುಸೇನ್ ಸಾಗರದ ಕೆರೆಯನ್ನೇ ಸಾಗರ ಎಂದು ಕರೆದು ತೃಪ್ತಿಪಟ್ಟುಕೊಂಡಿರುವ ಊರು. ನಿಜವಾದ ಸಮುದ್ರ ನೋಡಬೇಕಾದರೆ ಇಲ್ಲಿಂದ ಒಂದು ರಾತ್ರಿ ರೈಲಿನಲ್ಲಿ ಕೂರಬೇಕು. ಇಂಥ ಊರಿನಲ್ಲಿ, ಕೆಳಗೆ ಇಡ್ಲಿ ಬಂಡಿ, ಮೇಲೆ ನೀರಿನ ಟಾಂಕಿ ಇರುವ ಫ್ಲ್ಯಾಟಿನ ಬಾಲ್ಕನಿಯಲ್ಲಿ ಕೂತು ಅವರು ಅರಬ್ಬಿ ಸಮುದ್ರ ಬರೆಯುತ್ತಿದ್ದರು. ಬರೆದದ್ದಕ್ಕೆ ಫ್ರೇಮ್ ಹಾಕಿಸಲು ನನ್ನ ಹತ್ತಿರ ತರುತ್ತಿದ್ದರು. ಮೂಲೆ ಸರಿಯಾಗಿ ಕೂಡಿಲ್ಲ, ಪಟ್ಟಿ ಚಿತ್ರಕ್ಕಿಂತ ಜೋರಾಗಿದೆ, ನೀರು ಒಂದು ಕಡೆ ಇಳಿದಂತೆ ಕಾಣುತ್ತದೆ, ಬಿಚ್ಚಿ ಮತ್ತೆ ಹಾಕು. ಒಮ್ಮೆ ನನಗೂ ರೇಗಿ, "ಸಾಹೇಬ್ರ, ಇದು ಹಡಗ ಅಲ್ರಿ, ಫ್ರೇಮು. ಮುಳಗಂಗಿಲ್ಲ" ಎಂದಿದ್ದೆ. ನಕ್ಕರು. ಆದರೂ ಬಿಚ್ಚಿಸಿದರು.

ಅವರ ಮನೆತನ ರಾಯಚೂರು ಕಡೆಯದು. ಅಜ್ಜ ನಿಜಾಮರ ಕಾಲದಲ್ಲಿ ಕಂದಾಯದ ಕಚೇರಿಯಲ್ಲಿದ್ದರು, ಅಪ್ಪ ಇಲ್ಲಿ ವಕೀಲರು. ಆ ಮನೆಯವರು ಕಂಡ ದೊಡ್ಡ ನೀರೆಂದರೆ ಕೃಷ್ಣಾ ನದಿ, ಅದೂ ಪುಷ್ಕರಕ್ಕೆ ಮೀಯಲು ಹೋದಾಗ. ಅಂಥ ಮನೆಯ ಹುಡುಗ ನೌಕಾದಳಕ್ಕೆ ಸೇರುತ್ತೇನೆ ಎಂದು ಹಟ ಹಿಡಿದಾಗ ಅಜ್ಜಿ ಊಟ ಬಿಟ್ಟು ಕೂತರಂತೆ. ಕೊನೆಗೆ ಒಪ್ಪಿದರು, ಆದರೆ ಸಮುದ್ರ ದಾಟಿದ ದೋಷಕ್ಕೆಂದು ಪ್ರತಿ ರಜೆಯಲ್ಲೂ ಬಾಗಿಲಲ್ಲೇ ಪಂಚಗವ್ಯ ಕುಡಿಸಿ ಒಳಗೆ ಬಿಡುತ್ತಿದ್ದರು. ಶತ್ರುವಿನ ತೋಪಿಗಿಂತ ಆ ಬಟ್ಟಲಿಗೇ ತಾನು ಹೆಚ್ಚು ಹೆದರುತ್ತಿದ್ದೆ ಎಂದು ಕಮಾಂಡರ್ ಹೇಳುತ್ತಿದ್ದರು.

ಹೆಂಡತಿ ಸುಂದರಾಬಾಯಿಯವರೂ ಮಡಿಯಲ್ಲಿ ಆ ಅಜ್ಜಿಗೇನೂ ಕಡಿಮೆಯಿಲ್ಲ. ಬ್ರಷ್ ಆಗಲಿ ಟರ್ಪೆಂಟೈನ್ ಬಾಟಲಿ ಆಗಲಿ ಬಾಲ್ಕನಿಯ ಹೊಸ್ತಿಲು ದಾಟಿ ಒಳಗೆ ಬರಕೂಡದು, ತಾವೂ ಅದರಾಚೆ ಕಾಲಿಡುವುದಿಲ್ಲ ಎಂಬುದು ಅವರು ಮಾಡಿದ ಕಾನೂನು. ಗಂಡನ ಜೊತೆ ಮುಂಬೈ, ವಿಶಾಖಪಟ್ಟಣ ಎಂದು ಸಮುದ್ರದ ದಂಡೆಯಲ್ಲೇ ಸಂಸಾರ ಮಾಡಿದವರು, ಆದರೆ ಸಮುದ್ರದ ಬಗ್ಗೆ ಅವರಿಗೆ ಒಳ್ಳೆಯ ಅಭಿಪ್ರಾಯವಿಲ್ಲ. ಆ ಗಾಳಿಗೆ ಒಂದು ವರ್ಷವಾದರೂ ಸಂಡಿಗೆ ಗರಿಗರಿಯಾಗಿ ಒಣಗಲಿಲ್ಲ ಎಂಬುದು ಅವರ ದೂರು.

ಬೇರೆಯವರು ಸಮುದ್ರ ಬರೆದರೆ ಅಲ್ಲಿ ಸೂರ್ಯ ಮುಳುಗುತ್ತಾನೆ, ದೋಣಿ ಇರುತ್ತದೆ, ಬುಟ್ಟಿ ಹೊತ್ತ ಹೆಂಗಸು ಇರುತ್ತಾಳೆ. ಕಮಾಂಡರ್ ಸಾಹೇಬರ ಚಿತ್ರಗಳಲ್ಲಿ ಇದ್ಯಾವುದೂ ಇಲ್ಲ. ಎಲ್ಲವೂ ಎಪ್ಪತ್ತೊಂದರ ಯುದ್ಧದ ಸಮುದ್ರ. ಸೀಸದ ಬಣ್ಣದ ನೀರು, ಮೇಲೆ ಬಿಳಿಚಿಕೊಂಡ ಆಕಾಶ, ದೂರದಲ್ಲಿ ಒಂದು ಹಡಗು, ಅದರ ಹೊಗೆ. ಮನುಷ್ಯರು ಒಬ್ಬರೂ ಇಲ್ಲ. ಆದರೂ ನೋಡುತ್ತ ನಿಂತರೆ ನೀರಿನ ಕೆಳಗೆ ಏನೋ ಇದೆ ಎಂದು ಅಂಜಿಕೆಯಾಗುತ್ತದೆ. ಚಿತ್ರಕಲೆ ನನಗೇನೂ ತಿಳಿಯದು. ಆದರೆ ನನ್ನ ಅಂಗಡಿಗೆ ಬಂದವುಗಳಲ್ಲಿ ಕೆಲಸ ಬಿಟ್ಟು ನಿಂತು ನೋಡಿದ್ದು ಇವರ ಚಿತ್ರಗಳನ್ನು ಮಾತ್ರ. ನೋಡಿದವರೆಲ್ಲ ಒಂದೇ ಮಾತು ಕೇಳುತ್ತಿದ್ದರು, ಇದೆಲ್ಲ ನೀವು ಕಣ್ಣಾರೆ ಕಂಡದ್ದಲ್ಲವೇ ಎಂದು. ಅವರು ಹೌದೂ ಅನ್ನುತ್ತಿರಲಿಲ್ಲ, ಇಲ್ಲವೆಂದೂ ಅನ್ನುತ್ತಿರಲಿಲ್ಲ, ಕನ್ನಡಕ ಒರೆಸಿಕೊಳ್ಳುತ್ತಿದ್ದರು. ದೊಡ್ಡವರ ವಿನಯ ಎಂದು ನಾವು ತಿಳಿದಿದ್ದೆವು.

ಎರಡು ವರ್ಷದ ಕೆಳಗೆ ಸ್ವಾತಂತ್ರ್ಯ ದಿನಕ್ಕೆ ನಮ್ಮ ಕನ್ನಡದವರು ಸೇರಿ ಕಾಚಿಗುಡದ ಒಂದು ಹಾಲ್‌ನಲ್ಲಿ ಅವರ ಚಿತ್ರಗಳ ಪ್ರದರ್ಶನ ಇಟ್ಟರು. ಟ್ರಾಲಿ ಆಟೋದಲ್ಲಿ ಚಿತ್ರಗಳನ್ನು ಹೇರಿಕೊಂಡು ಹೋಗಿ ಗೋಡೆಗೆ ಏರಿಸಿದವನು ನಾನು. ಜನ ಬಂದರು, ಧ್ವಜ ಹಾರಿಸಿದರು, ಉಪ್ಪಿಟ್ಟು ತಿಂದರು, ಭಾಷಣಕ್ಕೆ ಚಪ್ಪಾಳೆ ತಟ್ಟಿದರು, ಚಿತ್ರಗಳಿಗೆ ಬೆನ್ನು ಮಾಡಿ ನಿಂತು ಸೆಲ್ಫಿ ತೆಗೆದುಕೊಂಡರು. ಅಷ್ಟು ಜನರಲ್ಲಿ ಚಿತ್ರ ನೋಡುತ್ತಿದ್ದವರು ಇಬ್ಬರೇ. ಕುಳ್ಳಗೆ, ಅಗಲ ಭುಜದ ಒಬ್ಬ ಮುದುಕರು, ಪಕ್ಕದಲ್ಲಿ ತಲೆತುಂಬ ಸೆರಗು ಹೊದ್ದ ಅವರ ಹೆಂಡತಿ. ಮುದುಕರು ಒಂದು ಚಿತ್ರದ ಮುಂದೆ ನಿಂತು ಹಡಗಿನ ಹೊಗೆಗೂಡನ್ನೇ ದಿಟ್ಟಿಸಿ ನೋಡುತ್ತಿದ್ದರು.

"ಇದು ನಮ್ಮ ಹಡಗ" ಎಂದರು ಇಡೀ ಹಾಲ್‌ಗೆ ಕೇಳುವಂತೆ. ಬದುಕನ್ನೆಲ್ಲ ಬಾಯ್ಲರಿನ ಪಕ್ಕದಲ್ಲಿ ಕಳೆದವರ ಮಾತು ಹಾಗೇ ಇರುತ್ತದೆ, ಅವರ ಕಿವಿ ಮಂದ.

ಕಮಾಂಡರ್ ಹತ್ತಿರ ಬಂದರು. ಮುದುಕರು ಉಪ್ಪಿಟ್ಟಿನ ತಟ್ಟೆಯನ್ನು ಹೆಂಡತಿಯ ಕೈಗೆ ಕೊಟ್ಟು ಸೆಲ್ಯೂಟ್ ಹೊಡೆದರು. ಅವರ ಹೆಸರು ರಾಮದಾಸ. ಅದೇ ಯುದ್ಧದಲ್ಲಿ, ಅದೇ ಹಡಗಿನಲ್ಲಿ ಬಾಯ್ಲರ್ ಕೋಣೆಯ ನಾವಿಕರಾಗಿದ್ದವರು. ಕಮಾಂಡರ್ ಆಗ ಮೀಸೆ ಚಿಗುರಿದ ಹೊಸ ಅಧಿಕಾರಿ. ಒಂದೇ ಹಡಗಿನಲ್ಲಿ ತಿಂಗಳುಗಟ್ಟಲೆ ಇದ್ದರೂ ಒಬ್ಬರ ಮುಖ ಒಬ್ಬರಿಗೆ ಗೊತ್ತಿರಲಿಲ್ಲ. ಒಬ್ಬರದು ಮೇಲಿನ ಲೋಕ, ಇನ್ನೊಬ್ಬರದು ಕೆಳಗಿನ ಲೋಕ. ನೌಕಾದಳ ಬಿಟ್ಟ ಮೇಲೆ ರಾಮದಾಸರು ಇಲ್ಲಿನ ಕೇಂದ್ರ ಸರಕಾರದ ಒಂದು ಕಾರ್ಖಾನೆಗೆ ಸೇರಿ, ಅಲ್ಲೂ ಬಾಯ್ಲರನ್ನೇ ನೋಡಿಕೊಂಡು, ನಿವೃತ್ತರಾಗಿ ಉಪ್ಪಲ್‌ನಲ್ಲಿ ಮನೆ ಮಾಡಿಕೊಂಡಿದ್ದರು.

ಅವರು ಹೇಳಿದ ಕಥೆ ಹೀಗೆ. ಹೆಂಡತಿ ಬಸಲಿಂಗಮ್ಮನ ಅಣ್ಣ ಸಾಬಣ್ಣ. ಶಹಾಪುರದ ಹತ್ತಿರದ ಒಂದೇ ಊರಿನ ಗೆಳೆಯರು ರಾಮದಾಸ, ಸಾಬಣ್ಣ ಜೊತೆಗೇ ನೌಕಾದಳ ಸೇರಿ ಒಂದೇ ಹಡಗು ಹತ್ತಿದರು. ರಾಮದಾಸ ಕೆಳಗೆ ಬೆಂಕಿಯ ಮುಂದೆ, ಸಾಬಣ್ಣ ಮೇಲೆ ಡೆಕ್ಕಿನಲ್ಲಿ. ಯುದ್ಧ ನಡೆದಿತ್ತು, ಶತ್ರುವಿನ ಜಲಾಂತರ್ಗಾಮಿ ಆಸುಪಾಸಿನಲ್ಲಿದೆ ಎಂಬ ಸುದ್ದಿ ಬಂದು ಹಡಗು ಜೋರಾಗಿ ಓಡುತ್ತಿತ್ತು. ಒಂದು ಬೆಳಗ್ಗೆ ಹಿಂಭಾಗದ ಡೆಕ್ಕಿನ ಮೇಲೆ ನೀರು ನುಗ್ಗಿ ಅಲ್ಲಿ ಏನನ್ನೋ ಬಿಗಿದು ಕಟ್ಟುತ್ತಿದ್ದ ಸಾಬಣ್ಣನನ್ನು ಎಳೆದುಕೊಂಡು ಹೋಯಿತು. ಮನುಷ್ಯ ನೀರಿಗೆ ಬಿದ್ದ ಎಂದು ಸ್ಪೀಕರಿನಲ್ಲಿ ಕೂಗಿದ್ದು ಕೆಳಗೂ ಕೇಳಿಸಿತು. ಸ್ವಲ್ಪ ಹೊತ್ತಿಗೆ ಬಾಯ್ಲರ್ ಕೋಣೆಯ ನೆಲ ಒಂದು ಕಡೆ ವಾಲಿತು. ಕಂಬಿ ಹಿಡಿದುಕೊಂಡು ನಿಲ್ಲಬೇಕಾಯಿತು. ಬಿದ್ದವನಿಗಾಗಿ ಹಡಗು ಹಿಂದಕ್ಕೆ ತಿರುಗಿತು ಎಂದು ರಾಮದಾಸರಿಗೆ ತಿಳಿದದ್ದು ಹಾಗೆ. ಬಿದ್ದವನು ಸಾಬಣ್ಣ ಎಂದು ತಿಳಿದದ್ದು ಆಮೇಲೆ. ಅವನು ಸಿಗಲಿಲ್ಲ.

ರಜೆಯಲ್ಲಿ ಊರಿಗೆ ಹೋಗಿ ಸಾಬಣ್ಣನ ತಾಯಿ ಯಂಕಮ್ಮನಿಗೆ ಇದನ್ನು ಹೇಳಿದವರು ರಾಮದಾಸರೇ. ಯುದ್ಧದ ನಡುವೆ ಇಡೀ ಹಡಗು ನಿನ್ನ ಮಗನಿಗಾಗಿ ಹೊರಳಿ ಬಂತು, ಹುಡುಕಿತು ಎಂದರು. ಆ ತಾಯಿ ಅದನ್ನೇ ಎದೆಗೆ ಕಟ್ಟಿಕೊಂಡು ಬಾಳಿದರು. ಸಂತೆಯಲ್ಲಿ, ಬಾವಿಯ ಕಟ್ಟೆಯಲ್ಲಿ, ಸರಕಾರದ ಹಡಗು ನನ್ನ ಮಗನ ಸಲುವಾಗಿ ಹೊಳ್ಳಿತು ಎಂದು ಹೇಳುತ್ತಿದ್ದರಂತೆ. ಮಗನನ್ನು ಬಿಟ್ಟುಹೋಗಲಿಲ್ಲ ಎಂಬುದಷ್ಟೇ ಅವರಿಗೆ ಉಳಿದ ಆಸ್ತಿ. ತಾಯಿಯ ಬಾಯಿಂದ ಅದು ಮಗಳಿಗೆ ಬಂತು, ಮಗಳು ಬಸಲಿಂಗಮ್ಮ ಆ ಸುದ್ದಿ ತಂದವರನ್ನೇ ಮದುವೆಯಾದರು.

"ಸಾಬ್, ಯುದ್ಧದಾಗ ನಾನೂ ಇದ್ದೆ. ಖರೆ, ಸಮುದ್ರ ನೋಡ್ಲಿಲ್ಲ" ಎಂದರು ರಾಮದಾಸರು. "ನೀವು ಮ್ಯಾಲಿದ್ರಿ, ಎಲ್ಲಾ ನೋಡೀರಿ. ಹಡಗ ಹೊಳ್ಳಿದ್ದು ಒಂದು ಚಿತ್ರಾ ಮಾಡಿಕೊಡ್ರಿ."

ಅದು ಯಾಕೆ ಬೇಕು ಎಂಬುದನ್ನು ಬಸಲಿಂಗಮ್ಮನವರು ಹೇಳಿದರು. ನಮ್ಮ ಕಡೆ ಮಾನೌಮಿ ಅಮಾವಾಸ್ಯೆಗೆ ತೀರಿಕೊಂಡ ಹಿರಿಯರ ಫೋಟೋಗಳನ್ನು ಸಾಲಾಗಿ ಇಟ್ಟು, ಒಬ್ಬೊಬ್ಬರ ಮುಂದೂ ಎಲೆ ಹಾಕಿ, ಅವರು ಇಷ್ಟಪಡುತ್ತಿದ್ದ ಅಡುಗೆ ಬಡಿಸುತ್ತಾರೆ. ಎಡೆ ಇಡುವುದು ಎನ್ನುತ್ತಾರೆ. ಸಾಬಣ್ಣನದೆಂದು ಇದ್ದ ಒಂದೇ ಫೋಟೋವನ್ನು ಗೆದ್ದಲು ತಿಂದುಹಾಕಿತ್ತು.

"ಬರೇ ಗ್ವಾಡಿಗೆ ಎಡಿ ಇಡಾಕ ಮನಸ ಬರಂಗಿಲ್ರಿ" ಎಂದರು ಆಕೆ. "ಹಡಗ ಹೊಳ್ಳಿದ ಚಿತ್ರಾ ಇದ್ರ ಅದರ ಮುಂದ ಇಡತೀನಿ. ಮಾರಿ ಬರಿಯೂದು ಬ್ಯಾಡ್ರಿ, ನೀವು ಅವನ್ನ ನೋಡಿಲ್ಲ."

ಕಮಾಂಡರ್ ಯಾರಿಂದಲೂ ಹೀಗೆ ಬರೆಯಿರಿ ಎಂದು ಹೇಳಿಸಿಕೊಂಡವರಲ್ಲ. ಇನ್ನೇನು ನಯವಾಗಿ ಜಾರಿಕೊಳ್ಳುತ್ತಾರೆ ಎಂದು ನಾನು ಕಾದೆ. ಅವರು ಕನ್ನಡಕ ಒರೆಸಿ, ಮತ್ತೆ ಹಾಕಿಕೊಂಡು, ಆಗಲಿ ಎಂದುಬಿಟ್ಟರು. ಬಸಲಿಂಗಮ್ಮನವರು ಆ ಹಾಲ್‌ನ ನಡುವೆ ಬಗ್ಗಿ ಅವರ ಕಾಲು ಮುಟ್ಟಿದರು.

ಆಮೇಲೆ ಸುದ್ದಿಯೇ ಇಲ್ಲ. ಗಣಪತಿ ಹಬ್ಬ ಬಂದು ಹೋಯಿತು, ಪಿತೃಪಕ್ಷ ಹಿಡಿಯಿತು. ಉಪ್ಪಲ್‌ನಿಂದ ರಾಮದಾಸರು ನನಗೆ ಫೋನ್ ಮಾಡಿ ಗೋಡೆಗೆ ಸುಣ್ಣ ಹೊಡೆಸಿದ್ದೇನೆ, ಮೊಳೆ ನೀವೇ ಬಂದು ಹೊಡೆಯಿರಿ ಎನ್ನುತ್ತಿದ್ದರು. ನಾನು ಇವತ್ತು ನಾಳೆ ಎಂದು ಸಾಗಹಾಕುತ್ತಿದ್ದೆ. ಅಷ್ಟರಲ್ಲಿ ಸುಂದರಾಬಾಯಿಯವರು ದೇವರ ಕೋಣೆಯ ಫೋಟೋದ ಕೊಕ್ಕೆ ಕಿತ್ತಿದೆ, ಬಂದು ಹಾಕಿಕೊಡು ಎಂದು ಹೇಳಿ ಕಳಿಸಿದರು. ಹೋದೆ. ಕೊಕ್ಕೆ ಹಾಕಿ ಬಾಲ್ಕನಿಗೆ ಇಣುಕಿದರೆ ಕ್ಯಾನ್‌ವಾಸ್ ಬೆಳ್ಳಗೆ ಕೂತಿದೆ, ಅದರ ಎದುರು ಕಮಾಂಡರ್ ಕೂತಿದ್ದಾರೆ. ಮಂಜಿನ ದಿನದ ಸಮುದ್ರವೋ ಹೇಗೆ ಎಂದು ಚೇಷ್ಟೆ ಮಾಡಿದೆ. ಅವರು ನಗಲಿಲ್ಲ.

"ನಾ ಆ ಸಮುದ್ರ ನೋಡೇ ಇಲ್ಲ, ನಿತಿನ."

ನನಗೆ ಅರ್ಥವಾಗಲಿಲ್ಲ. ಅವರು ಬಿಡಿಸಿ ಹೇಳಿದರು. ಯುದ್ಧದ ಹೊತ್ತಿನಲ್ಲಿ ಅವರ ಜಾಗ ಮೇಲಿನ ಡೆಕ್ಕಿನಲ್ಲಲ್ಲ, ಹಡಗಿನ ಒಳಗೆ ಕಿಟಕಿಯೇ ಇಲ್ಲದ ಒಂದು ಕತ್ತಲೆ ಕೋಣೆಯಲ್ಲಿ. ರೇಡಾರಿನ ಹಸಿರು ಚುಕ್ಕೆಗಳನ್ನು ನೋಡಿ, ಮೇಜಿನ ಮೇಲಿನ ಕಾಗದದಲ್ಲಿ ಹಡಗು ಹೋದ ದಾರಿಯನ್ನು ಪೆನ್ಸಿಲಿನಿಂದ ಎಳೆಯುವುದು ಅವರ ಕೆಲಸ. ಯುದ್ಧ ಮುಗಿಯುವವರೆಗೆ ಅವರು ಕಂಡ ಸಮುದ್ರ ಆ ಕಾಗದವೇ. ನಿವೃತ್ತಿಯ ನಂತರ, ಆ ಗೆರೆ ಎಳೆಯುವಾಗ ಹೊರಗೆ ನಿಜಕ್ಕೂ ಏನಿತ್ತು ಎಂದು ನೋಡುವ ಆಸೆ ಹುಟ್ಟಿತು. ನೋಡುವ ದಾರಿ ಬೇರೆ ಇರಲಿಲ್ಲ, ಬರೆಯತೊಡಗಿದರು. ಇದ್ದ ಆಕಾಶ, ಇದ್ದ ಗಾಳಿ ಎಲ್ಲವನ್ನೂ ಬೇರೆಯವರನ್ನು ಕೇಳಿ ಕೇಳಿ ತಿಳಿದುಕೊಂಡರು. ಕಣ್ಣಾರೆ ಕಂಡದ್ದೇ ಎಂದು ಜನ ಕೇಳಿದಾಗ ಇಲ್ಲ ಎನ್ನಲು ನಾಲಗೆ ಏಳಲಿಲ್ಲ. ಹೊಗಳಿಕೆ ಯಾರಿಗೆ ಬೇಡ?

ಅಷ್ಟೇ ಆಗಿದ್ದರೆ ನಾನು ಭುಜ ತಟ್ಟಿ ಎದ್ದು ಬರುತ್ತಿದ್ದೆ. ಮುಂದಿನದು ಬೇರೆ. ಜಲಾಂತರ್ಗಾಮಿಯ ಭಯ ಇದ್ದಾಗ ಹಡಗು ನೇರವಾಗಿ ಓಡುವುದಿಲ್ಲವಂತೆ. ನೀರಿನ ಕೆಳಗಿನಿಂದ ಗುರಿ ಇಡುವವನಿಗೆ ಗುರಿ ತಪ್ಪಲಿ ಎಂದು ಗಡಿಯಾರ ನೋಡಿಕೊಂಡು ಒಮ್ಮೆ ಬಲಕ್ಕೆ, ಒಮ್ಮೆ ಎಡಕ್ಕೆ ತಿರುಗುತ್ತ ಹಾವಿನಂತೆ ಓಡುತ್ತದೆ. ಗಡಿಯಾರದ ಮುಂದೆ ಕೂತು, ಈಗ ತಿರುಗಿಸಿ ಎಂದು ಮಾತಿನ ಕೊಳವೆಯಲ್ಲಿ ಮೇಲೆ ಚುಕ್ಕಾಣಿ ಹಿಡಿದವರಿಗೆ ಕೂಗುವವರು ಇದೇ ಪ್ರಹ್ಲಾದರಾವ್. ಮನುಷ್ಯ ಬಿದ್ದ ಎಂದು ಅವರಿಗೂ ಕೇಳಿಸಿತು. ನಿಲ್ಲುವಂತಿಲ್ಲ ಎಂದು ಕ್ಯಾಪ್ಟನ್ ಹೇಳಿದ್ದೂ ಕೇಳಿಸಿತು. ನಿಂತರೆ ಹಡಗು ಹೋಗುತ್ತದೆ, ಎಲ್ಲರೂ ಹೋಗುತ್ತಾರೆ. ಹಿಡಿದು ತೇಲಲೆಂದು ಒಂದು ಲೈಫ್‌ಬಾಯ್ ಬಳೆ ಎಸೆದರು, ಮುಂದೆ ಓಡಿದರು. ಗಡಿಯಾರದ ಮುಳ್ಳು ಜಾಗಕ್ಕೆ ಬಂದಾಗ ಇವರು ಕೂಗಿದರು, ಹಡಗು ವಾಲಿ ತಿರುಗಿತು. ರಾಮದಾಸರು ಕಂಬಿ ಹಿಡಿದು ನಿಂತದ್ದು ಆ ತಿರುವಿಗೆ. ಹಡಗು ಹಿಂದಕ್ಕೆ ಬರಲೇ ಇಲ್ಲ. ಆ ಮನುಷ್ಯ ಇದ್ದ ಜಾಗವನ್ನು ದಾಟಿ ಮುಂದಕ್ಕೆ ಪೆನ್ಸಿಲ್ ಎಳೆದವರೂ ಇವರೇ.

ನನಗೆ ಸಿಟ್ಟು ಬಂತು. ಯಾರ ಮೇಲೆ ಎಂದು ಹೇಳಲಾರೆ. ಆ ಅವ್ವ ಸತ್ತು ಮಣ್ಣಾಗಿದ್ದಾರೆ, ಈ ಹೆಣ್ಣುಮಗಳು ಮುದುಕಿಯಾಗಿದ್ದಾರೆ, ಹಡಗು ತಿರುಗಿದಂತೆ ಬರೆದುಕೊಟ್ಟರೆ ನಿಮ್ಮ ಗಂಟೇನು ಹೋಗುತ್ತದೆ ಎಂದು ದಬಾಯಿಸಿದೆ. ಇಷ್ಟು ವರ್ಷ ಕಾಣದ್ದನ್ನು ಬರೆದವರು ಇನ್ನೊಂದು ಬರೆಯಲಾರಿರಾ ಎಂದೂ ಅಂದೆ. ಅದು ಅವರಿಗೆ ನಾಟಿತು, ಮುಖದಲ್ಲಿ ಕಂಡಿತು. ಆಡಬಾರದಿತ್ತು, ಆದರೆ ಆಡಿದ್ದು ಸುಳ್ಳೇನಲ್ಲ.

ಸುಂದರಾಬಾಯಿಯವರು ಹೊಸ್ತಿಲ ಒಳಗೆ ನಿಂತು ಎಲ್ಲವನ್ನೂ ಕೇಳಿದ್ದರು.

"ಅಕಿ ಅದನ್ನ ಗ್ವಾಡಿಗೆ ಹಾಕಿ ಚೆಂದ ನೋಡಲಿಕ್ಕೆ ಕೇಳಿಲ್ಲ" ಎಂದರು. "ಎಡಿ ಇಡಲಿಕ್ಕೆ ಕೇಳ್ಯಾಳ. ಸುಳ್ಳಿನ ಮುಂದ ಇಟ್ಟದ್ದು ಆ ಹುಡುಗಗ ಮುಟ್ಟೂದಿಲ್ಲ. ಹೇಳಿಬರ್ರಿ."

ಅವರ ಮಡಿಯನ್ನು ನಾನು ಎಷ್ಟೋ ಸಲ ಬೆನ್ನ ಹಿಂದೆ ಆಡಿಕೊಂಡು ನಕ್ಕವನು. ಆವತ್ತು ನಗು ಬರಲಿಲ್ಲ. ಕಮಾಂಡರ್ ಎದ್ದು ಬ್ರಷ್ಷುಗಳನ್ನು ತೊಳೆದಿಟ್ಟರು. ಮರುದಿನದಿಂದ ಬರೆಯಲು ಹಿಡಿದರು. ಎಣ್ಣೆಬಣ್ಣ ಬೇಗ ಒಣಗುವುದಿಲ್ಲ, ಅಮಾವಾಸ್ಯೆ ಹತ್ತಿರ ಬಂದಿತ್ತು, ಆದ್ದರಿಂದ ತೆಳುವಾಗಿ ಬರೆದರು. ಊಟಕ್ಕೂ ಏಳುತ್ತಿರಲಿಲ್ಲವಂತೆ. ಸುಂದರಾಬಾಯಿಯವರೇ ತಮ್ಮ ಕಾನೂನು ಮುರಿದು, ಹೊಸ್ತಿಲು ದಾಟಿ ಟರ್ಪೆಂಟೈನ್ ವಾಸನೆಯಲ್ಲಿ ನಿಂತು ಅನ್ನ ಕಲಸಿ ಕೊಡುತ್ತಿದ್ದರು.

ಫ್ರೇಮಿಗೆ ತಂದಾಗ ನೋಡಿದೆ. ಇಷ್ಟು ವರ್ಷ ಅವರು ಬರೆದದ್ದೆಲ್ಲ ಎತ್ತರದಿಂದ ಕಂಡ ಸಮುದ್ರ. ಇದು ಹಾಗಿರಲಿಲ್ಲ. ನೀರು ಕಣ್ಣಿನ ಮಟ್ಟಕ್ಕೇ ಇತ್ತು. ಎದುರಿಗೆ ಒಂದು ದೊಡ್ಡ ಅಲೆಯ ಬೆನ್ನು, ಅದರ ಮೇಲಿನಿಂದ ದೂರದಲ್ಲಿ ಹಡಗಿನ ಹಿಂಭಾಗ. ಹಡಗು ಹೋಗುತ್ತಿತ್ತು. ಅದು ಬಿಟ್ಟ ಬಿಳಿ ನೊರೆಯ ದಾರಿ ನಮ್ಮ ಹತ್ತಿರದಿಂದ ನೇರವಾಗಿ ಹೋಗಿ, ಒಂದು ಕಡೆ ಬಾಗಿ, ಇನ್ನೂ ದೂರಕ್ಕೆ ಹೋಗಿತ್ತು. ಎಲ್ಲಿ ನಿಂತರೆ ಹೀಗೆ ಕಾಣುತ್ತದೆ ಎಂದು ಕೇಳಲು ಬಾಯಿ ತೆರೆದವನು ಹಾಗೇ ಮುಚ್ಚಿಕೊಂಡೆ. ಕೆಳಗಿನ ಅಂಚು ಇನ್ನೂ ಹಸಿಯಿತ್ತು. ಬಣ್ಣ ತಾಗದಂತೆ ಫ್ರೇಮ್ ಕೂರಿಸಿದೆ. ಅವರು ಮೂಲೆ ನೋಡಲಿಲ್ಲ, ಬಿಚ್ಚು ಅನ್ನಲಿಲ್ಲ.

ಮೊದಲೇ ಫೋನ್ ಮಾಡಿ ಹೇಳಿಬಿಡಿ, ಹಬ್ಬದ ದಿನ ಬೇಡ ಎಂದೆ. ಒಮ್ಮೆ ಮಾಡಿದರು. ಆ ಕಡೆಯಿಂದ ರಾಮದಾಸರು ಹೊಸ ಸುಣ್ಣದ ಗೋಡೆಯ ವರ್ಣನೆ ಶುರು ಮಾಡಿದರು. ಕಮಾಂಡರ್ ಬರುತ್ತೇವೆ ಎಂದಷ್ಟೇ ಹೇಳಿ ಇಟ್ಟರು. ಅಮಾವಾಸ್ಯೆಯ ದಿನ ಬೆಳಗ್ಗೆ ತಮ್ಮ ತಂದೆಗೆ ತರ್ಪಣ ಬಿಟ್ಟು, ಹಣೆಯ ಮೇಲಿನ ಅಂಗಾರಕ್ಷತೆ ಹಾಗೇ ಇರುವಂತೆ, ನನ್ನ ಜೊತೆ ಆಟೋ ಹತ್ತಿದರು. ಚಿತ್ರಕ್ಕೆ ಹಳೆಯ ಪಂಚೆ ಸುತ್ತಿದ್ದೆವು. ಹಬ್ಸಿಗುಡದ ಸಿಗ್ನಲ್ಲಿನಲ್ಲಿ ಆಟೋ ನಿಂತಾಗ ವಾಪಸ್ ಹೋಗೋಣವೇ ಎಂದು ನಾನೇ ಕೇಳಿದೆ. ಅವರು ಬೇಡವೆಂದು ತಲೆ ಅಲ್ಲಾಡಿಸಿದರು.

ಉಪ್ಪಲ್‌ನ ಆ ಮನೆಯಲ್ಲಿ ಹಬ್ಬದ ಅಡುಗೆಯ ಘಮ ಬಾಗಿಲಿಗೇ ಬರುತ್ತಿತ್ತು. ಹೋಳಿಗೆ, ಕಟ್ಟಿನ ಸಾರು, ಪುಂಡಿಪಲ್ಯ. ನಡುಮನೆಯ ಗೋಡೆಯ ಬುಡದಲ್ಲಿ ಯಂಕಮ್ಮನ ಫೋಟೋ, ಅವರ ಗಂಡನ ಫೋಟೋ, ಪಕ್ಕದಲ್ಲಿ ಖಾಲಿ ಬಿಟ್ಟ ಜಾಗ. ಚಿತ್ರವನ್ನು ಆ ಜಾಗದಲ್ಲಿ ಗೋಡೆಗೆ ಒರಗಿಸಿ ಪಂಚೆ ತೆಗೆದೆ. ರಾಮದಾಸರು ಬಗ್ಗಿ ನೋಡಿದರು. ಹಡಗಿನ ಮೂತಿ ಎಲ್ಲಿ ಎಂದು ಹುಡುಕಿದ್ದು ಅವರ ಕಣ್ಣಿನಲ್ಲೇ ಗೊತ್ತಾಯಿತು. ಮೂತಿ ಇರಲಿಲ್ಲ, ಬೆನ್ನು ಇತ್ತು.

ಕಮಾಂಡರ್ ನೆಲದ ಮೇಲೆ ಕೂತರು. ಬಾಗಿದ ನೊರೆಯನ್ನು ಬೆರಳಿನಿಂದ ತೋರಿಸಿದರು. ರಾಮದಾಸರ ಕಿವಿಗೆ ಬೀಳಲಿ ಎಂದು ಗಟ್ಟಿಯಾಗಿಯೇ ಹೇಳಿದರು.

"ನಿಮ್ಮ ಮೈಗೆ ಗೊತ್ತಾದ ತಿರುವು ಇದ, ರಾಮದಾಸ. ಅದು ಖರೇ. ಆದ್ರ ಹುಡುಕಲಿಕ್ಕೆ ಹೊಳ್ಳಿದ್ದಲ್ಲ. ಗಡಿಯಾರ ನೋಡಿ ಹೊಳ್ಳಿಸಿದ್ದು. ಹೊಳ್ಳಸ್ರಿ ಅಂತ ಕೂಗಿದಾವ ನಾನು. ಹಡಗ ಹಿಂದ ಬರಲಿಲ್ಲ. ನಾನೂ ಸಮುದ್ರ ನೋಡ್ಲಿಲ್ಲ, ನಿಮ್ಮಂಗ ಒಳಗೇ ಇದ್ದೆ."

ಜಲಾಂತರ್ಗಾಮಿಯ ಮಾತು ಎತ್ತಲಿಲ್ಲ. ನಿಂತಿದ್ದರೆ ಎಲ್ಲರೂ ಹೋಗುತ್ತಿದ್ದೆವು ಎನ್ನಲಿಲ್ಲ. ಅವರ ಹತ್ತಿರ ಇದ್ದ ಒಂದೇ ಗುರಾಣಿಯನ್ನು ಅವರು ಮನೆಯಲ್ಲೇ ಬಿಟ್ಟು ಬಂದಿದ್ದರು. ನನಗೆ ತಡೆಯಲಾಗಲಿಲ್ಲ. ಕ್ಯಾಪ್ಟನ್ ನಿಲ್ಲಬೇಡಿ ಎಂದಿದ್ದು, ಹಡಗಿನ ತುಂಬ ಜನ ಇದ್ದದ್ದು, ಎಲ್ಲವನ್ನೂ ನಾನೇ ಒದರಿಬಿಟ್ಟೆ. ಕಮಾಂಡರ್ ಸುಮ್ಮನಿರು ಎಂದು ಕೈ ಮಾಡಿದರು.

ರಾಮದಾಸರು ಗೋಡೆಗೆ ಒರಗಿ ಕೂತುಬಿಟ್ಟಿದ್ದರು. ಆಮೇಲೆ ಅವರು ಆಡಿದ ಮಾತು ನಾವು ಯಾರೂ ನಿರೀಕ್ಷಿಸಿದ್ದಲ್ಲ.

"ಹುಡುಕೋ ಹಡಗ ಸಾವಕಾಶ ಹೋಗತೈತ್ರಿ, ಸಾಬ್. ಅದು ನಂಗ ಗೊತ್ತಿತ್ತು. ಆವತ್ತ ಬೆಂಕಿ ಕಮ್ಮಿ ಮಾಡ್ರಿ ಅಂತ ಹುಕುಂ ಬರಲಿಲ್ಲ. ಹೆಚ್ಚು ಮಾಡ್ರಿ ಅಂತ ಬಂತು. ಮಾಡಿದೆ."

ಬಸಲಿಂಗಮ್ಮನವರು ಗಂಡನ ಕಡೆ ತಿರುಗಿದರು. ಅವರ ದನಿ ಏರಲಿಲ್ಲ.

"ಅವ್ವಗ ಯಾಕ ಹಂಗ ಹೇಳಿದ್ರಿ?"

"ಅಕಿ ಬಾಗಲದಾಗ ಕುಂತಿದ್ಲು. ನನ್ನ ಮಗನ್ನ ಹುಡುಕಿದ್ರೇನಪಾ ಅಂದ್ಲು. ಇಲ್ಲಂತ ಹ್ಯಾಂಗ ಹೇಳ್ಲಿ? ಹಡಗ ವಾಲಿದ್ದು ಖರೇನ ಇತ್ತಲ್ಲ. ಅದನ್ನ ಹಿಡಕೊಂಡೆ."

ಅರೆ ಸತ್ಯವನ್ನು ಕಂಬಿಯಂತೆ ಹಿಡಿದುಕೊಂಡು ಒಬ್ಬ ಮನುಷ್ಯ ಇಡೀ ಬದುಕು ನಿಂತಿದ್ದ. ನನಗೆ ಅವರ ಮೇಲೆ ಸಿಟ್ಟು ಬರಲಿಲ್ಲ. ಕಮಾಂಡರ್ ಕೈಚಾಚಿ ರಾಮದಾಸರ ಮಣಿಕಟ್ಟು ಹಿಡಿದುಕೊಂಡರು. ಹಡಗನ್ನು ಓಡಿಸಿದವರೊಬ್ಬರು, ತಿರುಗಿಸಿದವರೊಬ್ಬರು, ಇಬ್ಬರೂ ಹೊರಗೆ ಏನಾಯಿತೆಂದು ನೋಡದವರು. ಅಡುಗೆ ಆರುತ್ತಿತ್ತು. ಎದ್ದು ಹೋಗಬೇಕೋ ಕೂರಬೇಕೋ ತಿಳಿಯದೆ ನಾನು ಪಂಚೆಯನ್ನು ಮಡಿಸುತ್ತ ನಿಂತಿದ್ದೆ.

ಬಸಲಿಂಗಮ್ಮನವರು ನಮ್ಮ ಮೂವರನ್ನೂ ಬಿಟ್ಟು ಚಿತ್ರದ ಮುಂದೆ ಹೋಗಿ ನಿಂತರು. ಅಲೆಯನ್ನು ನೋಡಿದರು, ಹಡಗಿನ ಬೆನ್ನು ನೋಡಿದರು. ಇದನ್ನು ಎತ್ತಿಕೊಂಡು ಹೋಗಿ ಎಂದರೆ ಮರುಮಾತಿಲ್ಲದೆ ಎತ್ತಿಕೊಂಡು ಹೋಗುವುದೇ ಸರಿ ಎಂದು ನಾನು ಮನಸ್ಸಿನಲ್ಲೇ ತಯಾರಾಗಿದ್ದೆ.

"ನಮ್ಮಣ್ಣ ಇದರಾಗ ಎಲ್ಲಿ ಅದಾನ್ರಿ?" ಎಂದು ಕೇಳಿದರು.

"ಇದರಾಗ ಇಲ್ಲವ್ವ" ಎಂದರು ಕಮಾಂಡರ್. "ಇದು ಅವಗ ಕಂಡದ್ದು. ಅವ ಇಲ್ಲಿದ್ದ. ನೀವು ನಿಂತೀರಲ್ಲ, ಇಲ್ಲೇ."

ಆಕೆ ತಮ್ಮ ಕಾಲ ಕೆಳಗಿನ ನೆಲ ನೋಡಿದರು. ತಟ್ಟನೆ ಒಂದು ಹೆಜ್ಜೆ ಹಿಂದಕ್ಕೆ ಸರಿದರು. ನಂತರ ಕೂತು, ನಿಂತಿದ್ದ ಆ ಜಾಗವನ್ನು ಸೆರಗಿನಿಂದ ಒರೆಸಿದರು, ಮತ್ತೆ ಒರೆಸಿದರು. ನೀರು ಚಿಮುಕಿಸಿ ಎಲೆ ಹಾಸಿದರು. ಹೋಳಿಗೆ ಇಟ್ಟು ತುಪ್ಪ ಹಾಕಿದರು, ಅನ್ನ ಬಡಿಸಿದರು, ಪುಂಡಿಪಲ್ಯವನ್ನು ಎಲ್ಲದಕ್ಕಿಂತ ಹೆಚ್ಚು ಬಡಿಸಿದರು. ರಾಮದಾಸರ ಅಳು ಆಗಲೇ ಹೊರಗೆ ಬಂದಿತ್ತು, ಅವರ ಮಾತಿನಷ್ಟೇ ದೊಡ್ಡದಾಗಿ. ಆಕೆ ಅದರ ಕಡೆ ಗಮನ ಕೊಡಲಿಲ್ಲ. ಎಲೆಯ ಪಕ್ಕದಲ್ಲಿ ತಂಬಿಗೆ ಇಟ್ಟು, ಎದುರಿಗೆ ಕೂತ ಮನುಷ್ಯನಿಗೆ ಹೇಳುವಂತೆ ಹೇಳಿದರು.

"ಸಾಬಣ್ಣಾ, ಹಡಗ ಹೊಳ್ಳಲಿಲ್ಲಂತಪಾ. ನಾವು ಹೊಳ್ಳಿ ಬಂದೀವಿ. ಉಣ್ಣು."

ಆಮೇಲೆ ನಮಗೂ ಎಲೆ ಹಾಕಿದರು. ಮೊದಲು ಕಮಾಂಡರ್‌ಗೆ ಬಡಿಸಿದರು, ಆಮೇಲೆ ನನಗೆ. ಗಂಡನ ಎಲೆ ಬಹಳ ಹೊತ್ತು ಖಾಲಿ ಇತ್ತು. ಎಲ್ಲರಿಗೂ ಎರಡನೆಯ ಸಲ ಕೇಳಿಯಾದ ಮೇಲೆ, ಮುಖ ನೋಡದೆ, ಅವರಿಗೂ ಬಡಿಸಿದರು.